ಕೃತಕ ಗೂಡೋ, ನಿಜವಾದ ಗೂಡೋ: ತುಂಡಾದ ಕಾಡಿನಲ್ಲಿ ಮೊಟ್ಟೆ ನಷ್ಟ ಅಳೆಯುವುದು ಹೇಗೆ?

ಕಾಡು ತುಂಡಾದಷ್ಟೂ ಅಂಚು ಹೆಚ್ಚುತ್ತದೆ. ಕಾಗೆ, ನರಿ, ಬೆಕ್ಕುಗಳಿಗೆ ನೆಲದ ಗೂಡುಗಳು ಸುಲಭವಾಗಿ ಸಿಗುತ್ತವೆ. ಆ ನಷ್ಟವನ್ನು ಅಳೆಯಲು ಎರಡು ದಾರಿಗಳಿವೆ.

ಕೃತಕ ಗೂಡು, ಅಂದರೆ ನಾವೇ ಮೊಟ್ಟೆ ಇಟ್ಟು ಕಾಡಿನಲ್ಲಿಡುವ ಗೂಡು, ಅಗ್ಗ. ಅಂಚಿನಲ್ಲೂ ಒಳಗೂ ಸಮಸಂಖ್ಯೆಯಲ್ಲಿ ಇಡಬಹುದು. 1985ರಲ್ಲಿ ಪರಿಸರ ವಿಜ್ಞಾನಿ ಡೇವಿಡ್ ವಿಲ್ಕೋವ್ ಸಣ್ಣ ಕಾಡುತುಂಡುಗಳಲ್ಲಿ ನಷ್ಟ ಹೆಚ್ಚೆಂದು ತೋರಿಸಿದ್ದು ಹೀಗೆಯೇ, ಕ್ವೇಲ್ (ಲಾವಕ್ಕಿ) ಮೊಟ್ಟೆ ಇಟ್ಟು. ಆದರೆ ಆ ಮೊಟ್ಟೆ ಸಣ್ಣ ಇಲಿಯ ಬಾಯಿಗೆ ದೊಡ್ಡದು. ಜೊತೆಗೊಂದು ಮಾಡೆಲಿಂಗ್ ಕ್ಲೇ (ಗೊಂಬೆ ಮಾಡುವ ಮೆದು ಜೇಡಿ) ಮೊಟ್ಟೆಯನ್ನು ತಂತಿಯಲ್ಲಿ ಬಿಗಿದಿಟ್ಟರೆ ಹಲ್ಲು, ಕೊಕ್ಕಿನ ಗುರುತು ಸಿಗುತ್ತದೆ. ಕ್ಲೇ ವಾಸನೆಗೇ ಇಲಿ ಬರುವುದೂ ಉಂಟು. ನಮ್ಮ ವಾಸನೆ ಉಳಿಯದಿರಲು ಕೈಗವಸು, ರಬ್ಬರ್ ಬೂಟು ಬೇಕೇ ಬೇಕು. ದೊಡ್ಡ ದೋಷ ಹಾವಿನದು: ತಾಯಿಹಕ್ಕಿಯ ಓಡಾಟವಿಲ್ಲದ ಗೂಡಿಗೆ ಹಾವು ಬರುವುದು ಅಪರೂಪ.

ನಿಜವಾದ ಗೂಡು ಹುಡುಕುವುದೇ ಕಷ್ಟ. ಸಿಕ್ಕ ಮೇಲೆ 3–4 ದಿನಕ್ಕೊಮ್ಮೆ ನೋಡಿ. ಗೂಡಿನ ಬಳಿ ನಿಲ್ಲದೆ ಮುಂದೆ ನಡೆದುಹೋಗಿ, ಬಂದ ದಾರಿಯಲ್ಲೇ ಮರಳಬೇಡಿ. ಕಾಗೆ ನೋಡುತ್ತಿದ್ದರೆ ಹತ್ತಿರ ಹೋಗಲೇಬೇಡಿ. ಕಾವು ಶುರುವಾದ ಮೇಲೆಯೇ ಕ್ಯಾಮೆರಾ ಇಡಿ, ಇಲ್ಲದಿದ್ದರೆ ಹಕ್ಕಿ ಗೂಡು ಬಿಟ್ಟೀತು.

ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಬೇಗ ನಾಶವಾದ ಗೂಡುಗಳು ಕಣ್ಣಿಗೇ ಬೀಳುವುದಿಲ್ಲ, ಹಾಗಾಗಿ ಬರೀ ಶೇಕಡಾವಾರು ಯಶಸ್ಸು ಉಬ್ಬಿರುತ್ತದೆ. ಪಕ್ಷಿತಜ್ಞ ಮೇಫೀಲ್ಡ್ 1961ರಲ್ಲಿ ಕೊಟ್ಟ ದಿನವಾರು ಉಳಿವಿನ ದರ (ಗೂಡು ಒಂದು ದಿನ ಉಳಿಯುವ ಸಂಭವ) ಬಳಸಿ: ದಿನಕ್ಕೆ 0.95 ಇದ್ದರೆ 25 ದಿನ ದಾಟುವ ಗೂಡುಗಳು ಸುಮಾರು ಶೇ. 28 ಮಾತ್ರ.

ಕೆಲವೇ ವಾರಗಳಿದ್ದು, ಕಾಡುತುಂಡುಗಳನ್ನು ಪರಸ್ಪರ ಹೋಲಿಸಿದರೆ ಸಾಕೆಂದರೆ ಕೃತಕ ಗೂಡು, ಅದೂ ಕ್ಯಾಮೆರಾ ಜೊತೆ. ಹಕ್ಕಿಯ ಸಂತತಿ ಉಳಿಯುತ್ತದೆಯೇ ಎಂಬುದು ಪ್ರಶ್ನೆಯಾದರೆ ನಿಜವಾದ ಗೂಡೇ ಬೇಕು.