‘ಅದೇ ಕಾರ್ಖಾನೆಯ ಮಾಲು’ ಎಂಬ ಮಾತು ನಂಬಿ ಕಾರ್ಬನ್ ಫ್ರೇಮ್ ತರಿಸಬೇಡಿ

ವಿಜಯಪುರ, ಬಾಗಲಕೋಟೆ ಕಡೆಯ ಸೈಕ್ಲಿಂಗ್ ಹುಡುಗ ಹುಡುಗಿಯರಿಗೆ, ಅದಕ್ಕಿಂತ ಹೆಚ್ಚಾಗಿ ಅವರಿಗೆ ಸೈಕಲ್ ಕೊಡಿಸಲು ಸಾಲ ಮಾಡುವ ತಂದೆ ತಾಯಿಗಳಿಗೆ ಇದನ್ನು ಬರೆಯುತ್ತಿದ್ದೇನೆ. ಕಡಿಮೆ ಬೆಲೆಯ ಚೀನಾ ಕಾರ್ಬನ್ ರೋಡ್ ಫ್ರೇಮ್ (ಕಾರ್ಬನ್ ಎಳೆಗಳಿಂದ ಮಾಡಿದ ರೇಸ್ ಸೈಕಲ್ಲಿನ ಚೌಕಟ್ಟು) ತರಿಸುವ ಮಾತು ನಿಮ್ಮ ಮನೆಯಲ್ಲಿ ನಡೆಯುತ್ತಿದ್ದರೆ, ದುಡ್ಡು ಕಳಿಸುವ ಮೊದಲು ದಯವಿಟ್ಟು ಓದಿ. ಚೀನಾದಲ್ಲಿ ತಯಾರಾದದ್ದೆಲ್ಲ ಕಳಪೆ ಎಂಬುದು ನನ್ನ ವಾದವಲ್ಲ. ಶೆನ್‌ಜೆನ್‌ನ ಎಕ್ಸ್‌ಡಿಎಸ್ ಕಂಪನಿಯ ಸೈಕಲ್‌ಗಳನ್ನು 2025ರಿಂದ ಕಜಕಸ್ತಾನದ ಅಸ್ತಾನಾ ತಂಡ ವಿಶ್ವದ ಅತ್ಯುನ್ನತ ದರ್ಜೆಯ ರೇಸುಗಳಲ್ಲಿ ಓಡಿಸುತ್ತಿದೆ. ಆ ಕಂಪನಿ ತನ್ನದೇ ಬ್ರ್ಯಾಂಡಿನ ಹೆಸರನ್ನು ಫ್ರೇಮಿನ ಮೇಲೆ ಬರೆದುಕೊಂಡು ನಿಲ್ಲುತ್ತದೆ. ನನ್ನ ಸಿಟ್ಟು ಇರುವುದು ಹೆಸರೇ ಇಲ್ಲದವರ ಮೇಲೆ.

ನನ್ನ ಅಕ್ಕನ ಮಗ ರಾಜ್ಯಮಟ್ಟದ ಜೂನಿಯರ್ ರೇಸುಗಳಲ್ಲಿ ಓಡುತ್ತಾನೆ. ಅವನ ಬಳಿ ಹಳೆಯ ಅಲ್ಯೂಮಿನಿಯಂ ಸೈಕಲ್ ಇತ್ತು. ಒಣದ್ರಾಕ್ಷಿಗೆ ಒಳ್ಳೆಯ ಬೆಲೆ ಬಂದ ವರ್ಷ ಭಾವ ಮಗನಿಗೆ ಕಾರ್ಬನ್ ಫ್ರೇಮ್ ಕೊಡಿಸಲು ಒಪ್ಪಿದರು. ಪ್ರಸಿದ್ಧ ಬ್ರ್ಯಾಂಡಿನ ಫ್ರೇಮ್ ಒಂದಕ್ಕೇ ಲಕ್ಷಗಟ್ಟಲೆ ಬೆಲೆ. ಹುಡುಗನಿಗೆ ಅಂತರ್ಜಾಲದಲ್ಲಿ ಸಿಕ್ಕ ಚೀನಾದ ಮಾರಾಟಗಾರ ಫ್ರೇಮ್, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), ಸೀಟ್‌ಪೋಸ್ಟ್ (ಸೀಟಿನ ಕಂಬ) ಸೇರಿ ಸುಮಾರು ಐವತ್ತು ಸಾವಿರ ರೂಪಾಯಿಗೆ ಕೊಡುವುದಾಗಿ ಹೇಳಿದ. ಸುಂಕ ಬೇರೆ. ಚೀನಾದ ಶಿಯಾಮೆನ್ ನಗರದಲ್ಲಿ ಸ್ವಂತ ಕಾರ್ಖಾನೆ ಇದೆ, ಯುರೋಪಿನ ದೊಡ್ಡ ಬ್ರ್ಯಾಂಡೊಂದಕ್ಕೂ ನಾವೇ ಮಾಡಿಕೊಡುತ್ತೇವೆ, ನಿಮಗೆ ಸ್ಟಿಕರ್ ಇಲ್ಲದೆ ಕೊಡುತ್ತಿದ್ದೇವೆ ಅಷ್ಟೇ ಎಂದ. ಕಾರ್ಮಿಕರು ಕಪ್ಪು ಹಾಳೆಗಳನ್ನು ಜೋಡಿಸುತ್ತಿರುವ ವಿಡಿಯೊ ಕಳಿಸಿದ. ಪರೀಕ್ಷಾ ವರದಿಯ ಪ್ರತಿಯನ್ನೂ ಕಳಿಸಿದ. ಯಾವ ಮನೆಯವರಾದರೂ ನಂಬುವಂಥ ಮಾತು, ನಂಬುವಂಥ ಕಾಗದ.

ನಂಬಲು ಕಾರಣ, ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಜಗತ್ತಿನ ಹೆಸರಾಂತ ಸೈಕಲ್ ಬ್ರ್ಯಾಂಡ್‌ಗಳಲ್ಲಿ ಹೆಚ್ಚಿನವು ತಮ್ಮ ಕಾರ್ಬನ್ ಫ್ರೇಮನ್ನು ತಾವೇ ತಯಾರಿಸುವುದಿಲ್ಲ. 1972ರಲ್ಲಿ ತೈವಾನಿನಲ್ಲಿ ಹುಟ್ಟಿದ ಜಯಂಟ್ ಮೊದಲು ಅಮೆರಿಕದ ಶ್ವಿನ್‌ನಂಥ ಕಂಪನಿಗಳಿಗೆ ಸೈಕಲ್ ಮಾಡಿಕೊಟ್ಟು ಬೆಳೆಯಿತು, ಸ್ವಂತ ಹೆಸರಿನ ಸೈಕಲ್ ಬಂದದ್ದು ಆಮೇಲೆ. ಅದೇ ವರ್ಷ ತೈವಾನಿನಲ್ಲೇ ಹುಟ್ಟಿದ ಮೆರಿಡಾ 2001ರಲ್ಲಿ ಅಮೆರಿಕದ ಸ್ಪೆಷಲೈಸ್ಡ್ ಕಂಪನಿಯಲ್ಲಿ ದೊಡ್ಡ ಪಾಲು ಕೊಂಡಿತು, ಅದಕ್ಕೆ ಸೈಕಲ್ ಮಾಡಿಕೊಡುತ್ತಲೂ ಇದೆ. ಟಾಪ್‌ಕೀ ಎಂಬ ತೈವಾನಿನ ಕಂಪನಿಯ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ಶಿಯಾಮೆನ್‌ನಲ್ಲಿ ಅದರ ಕಾರ್ಖಾನೆಯಿದೆ. ಬೇರೆಯವರ ಹೆಸರಿನಲ್ಲಿ ಮಾರಾಟವಾಗುವ ಕಾರ್ಬನ್ ಸಾಮಾನುಗಳನ್ನು ತಯಾರಿಸುವುದೇ ಅದರ ಕಸುಬು. ಹೀಗಿರುವಾಗ ‘ಅದೇ ಕಾರ್ಖಾನೆ’ ಎಂದರೆ ಹುಡುಗರು ಹಿಗ್ಗುವುದು ಸಹಜ.

ಆದರೆ ಅದೇ ಶಿಯಾಮೆನ್‌ನಲ್ಲಿ ಇನ್ನೊಂದು ಬಗೆಯ ವ್ಯಾಪಾರವೂ ನಡೆಯುತ್ತದೆ. ಕಾರ್ಖಾನೆಯೊಂದು ತನ್ನ ಖರ್ಚಿನಲ್ಲೇ ಒಂದು ಆಕಾರ ರೂಪಿಸಿ, ಪ್ರತಿ ಅಳತೆಗೂ ಪ್ರತ್ಯೇಕ ಉಕ್ಕಿನ ಅಚ್ಚು ಮಾಡಿಸುತ್ತದೆ. ಆ ಅಚ್ಚಿನಲ್ಲಿ ಬಂದ ಫ್ರೇಮನ್ನು ಕೇಳಿದವರಿಗೆಲ್ಲ ಮಾರುತ್ತದೆ. ಇದನ್ನು ಆ ರಂಗದಲ್ಲಿ ಓಪನ್ ಮೋಲ್ಡ್ ಎನ್ನುತ್ತಾರೆ. ಕೊಂಡವರು ತಮಗೆ ಬೇಕಾದ ಬಣ್ಣ ಬಳಿದು, ಬೇಕಾದ ಹೆಸರು ಅಂಟಿಸಿಕೊಳ್ಳುತ್ತಾರೆ. ಒಂದೇ ಫ್ರೇಮ್ ಒಂದು ದೇಶದಲ್ಲಿ ಒಂದು ಹೆಸರಿನಲ್ಲಿ, ಇನ್ನೊಂದು ದೇಶದಲ್ಲಿ ಇನ್ನೊಂದು ಹೆಸರಿನಲ್ಲಿ ಓಡಾಡುತ್ತಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಇಂಥ ಫ್ರೇಮುಗಳನ್ನು ಒಪ್ಪವಾಗಿ ತಯಾರಿಸಿ, ದೂರು ಬಂದರೆ ಉತ್ತರ ಕೊಡುವ ಕಾರ್ಖಾನೆಗಳಿವೆ. ತೊಂದರೆ ಶುರುವಾಗುವುದು ಕಾರ್ಖಾನೆಗೂ ನಮಗೂ ನಡುವೆ ದಲ್ಲಾಳಿಗಳು ಸೇರಿಕೊಂಡಾಗ, ಮತ್ತು ಒಬ್ಬರ ಆಕಾರವನ್ನು ಇನ್ನೊಬ್ಬರು ನಕಲು ಮಾಡಿದಾಗ.

ಹುಡುಗರು ಇಲ್ಲಿ ಒಂದು ವಿಷಯವನ್ನು ಗಮನವಿಟ್ಟು ಓದಬೇಕು. ಕಾರ್ಬನ್ ಫ್ರೇಮಿನ ಆಕಾರವೇ ಅದರ ವಿನ್ಯಾಸವಲ್ಲ. ರಾಳ ಸವರಿದ ಕಾರ್ಬನ್ ಹಾಳೆಗಳನ್ನು ನೂರಾರು ತುಂಡುಗಳಾಗಿ ಕತ್ತರಿಸಿ, ಒಂದರ ಮೇಲೊಂದು ಕೈಯಿಂದ ಜೋಡಿಸಿ, ಒಳಗೆ ಗಾಳಿಚೀಲವಿಟ್ಟು ಅಚ್ಚಿನಲ್ಲಿ ಒತ್ತಿ ಬೇಯಿಸುತ್ತಾರೆ. ಯಾವ ತುಂಡು ಎಲ್ಲಿ, ಎಷ್ಟು ಪದರ, ಎಳೆಗಳು ಯಾವ ದಿಕ್ಕಿಗೆ ಎಂಬ ಪಟ್ಟಿಯೇ ನಿಜವಾದ ವಿನ್ಯಾಸ. ಕೊಳವೆಯ ಉದ್ದಕ್ಕೂ ಸಾಗುವ ಎಳೆ ಬಾಗುವುದನ್ನು ತಡೆಯುತ್ತದೆ, 45 ಡಿಗ್ರಿ ಓರೆಯಾಗಿರುವುದು ತಿರುಚುವುದನ್ನು ತಡೆಯುತ್ತದೆ, ಸುತ್ತಲೂ ಬಳಸಿದ್ದು ಅಮುಕುವುದನ್ನು ತಡೆಯುತ್ತದೆ. ಒಂದೇ ಇಡ್ಲಿ ತಟ್ಟೆಯಲ್ಲಿ ಹದವಾಗಿ ಹುದುಗಿದ ಹಿಟ್ಟನ್ನೂ ಬೇಯಿಸಬಹುದು, ಹುದುಗದ ಹಿಟ್ಟನ್ನೂ ಬೇಯಿಸಬಹುದು. ಬೆಂದ ಮೇಲೆ ಗಾತ್ರವೆಲ್ಲ ಒಂದೇ. ದೊಡ್ಡ ಬ್ರ್ಯಾಂಡುಗಳು ಆ ಜೋಡಣೆಯ ಪಟ್ಟಿಯನ್ನು ತಮ್ಮ ಎಂಜಿನಿಯರುಗಳಿಂದ ಮಾಡಿಸಿ, ಪದೇ ಪದೇ ಫ್ರೇಮು ಮುರಿದು ನೋಡಿ, ತಮ್ಮ ಬಳಿ ಇಟ್ಟುಕೊಂಡಿರುತ್ತವೆ. ಹಾಗಾಗಿ ಒಂದೇ ಕಾರ್ಖಾನೆಯ ಒಂದೇ ಮೇಜಿನ ಮೇಲೆ ತಯಾರಾದ ಎರಡು ಫ್ರೇಮುಗಳು ಸಮವಾಗಿರಬೇಕೆಂದೇನೂ ಇಲ್ಲ.

ನಮ್ಮ ಫ್ರೇಮ್ ಬಂತು. ನೋಡಲು ಸುಂದರವಾಗಿತ್ತು. ಬಾಟಮ್ ಬ್ರಾಕೆಟ್ (ಪೆಡಲ್‌ಗಳು ತಿರುಗುವ ಬೇರಿಂಗ್ ಭಾಗ) ಕೂರಿಸುವಾಗ ರಂಧ್ರ ಪೂರ್ತಿ ದುಂಡಗಿಲ್ಲ ಎಂದು ನಮ್ಮೂರಿನ ಮೆಕ್ಯಾನಿಕ್ ಗೊಣಗಿದ, ಹೇಗೋ ಕೂರಿಸಿದ. ಕೆಲವು ತಿಂಗಳು ಹುಡುಗ ಸೊಲ್ಲಾಪುರ ರಸ್ತೆಯಲ್ಲಿ ದಿನವೂ ಅಭ್ಯಾಸ ಮಾಡಿದ. ಆಮೇಲೆ ಒಂದು ದಿನ, “ಮಾಮಾ, ಹ್ಯಾಂಡಲ್ ಹತ್ತಿರ ಏನೋ ಟಕ್ ಟಕ್ ಎನ್ನುತ್ತಿದೆ. ಹಂಪ್ಸ್ ದಾಟುವಾಗ ಜಾಸ್ತಿ” ಎಂದ. ಬೇರಿಂಗ್ ಇರಬಹುದೆಂದು ಮೆಕ್ಯಾನಿಕ್ ಬಿಚ್ಚಿದ. ಹ್ಯಾಂಡಲನ್ನು ಫೋರ್ಕಿಗೆ ಬಿಗಿಯುವ ಸ್ಟೆಮ್ ತೆಗೆದರೆ, ಅದು ಹಿಡಿದುಕೊಳ್ಳುವ ಜಾಗದ ಸ್ವಲ್ಪ ಕೆಳಗೆ ಫೋರ್ಕಿನ ಸ್ಟೀರರ್ ಕೊಳವೆಯಲ್ಲಿ ಬಿರುಕು. ಅರ್ಧ ಸುತ್ತು ಬಂದಿತ್ತು.

ಸೈಕಲ್ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಹ್ಯಾಂಡಲನ್ನೂ ಮುಂದಿನ ಚಕ್ರವನ್ನೂ ಜೋಡಿಸುವುದು ಆ ಒಂದೇ ಕೊಳವೆ. ಗುಂಪಿನ ನಡುವೆ ಐವತ್ತು ಕಿಲೋಮೀಟರ್ ವೇಗದಲ್ಲಿ ಅದು ತುಂಡಾದರೆ ಹ್ಯಾಂಡಲ್ ಕೈಗೆ ಬರುತ್ತದೆ. ಹುಡುಗ ಮುಖ ಅಡಿಯಾಗಿ ಬೀಳುತ್ತಾನೆ. ಅಕ್ಕನಿಗೆ ಇದನ್ನು ಬಿಡಿಸಿ ಹೇಳಲು ನನ್ನಿಂದ ಆಗಲಿಲ್ಲ.

ಪುಣೆಯಲ್ಲಿ ಕಾರ್ಬನ್ ದುರಸ್ತಿ ಮಾಡುವವರೊಬ್ಬರ ಬಳಿ ಫೋರ್ಕ್ ಒಯ್ದೆವು. ನಮ್ಮ ಒಪ್ಪಿಗೆ ಪಡೆದು ಅವರು ಬಿರುಕಿನ ಜಾಗದಲ್ಲಿ ಕೊಳವೆ ಕತ್ತರಿಸಿ ತೋರಿಸಿದರು. ಹೊರಗಿನ ಅಳತೆ ಎಲ್ಲ ಕಡೆ ಇರುವಂತೆ 28.6 ಮಿಲಿಮೀಟರ್. ಒಳಗೆ ಪದರಗಳು ಸುಕ್ಕುಗಟ್ಟಿದ್ದವು, ಎರಡು ಪದರಗಳ ನಡುವೆ ಗಾಳಿ ಸೇರಿ ಪೊಳ್ಳಾಗಿತ್ತು. ಸ್ಟೆಮ್ ಅಮುಕುವ ಜಾಗದಲ್ಲಿ ಸುತ್ತಲೂ ಬಳಸಿದ ಎಳೆಗಳು ಚೆನ್ನಾಗಿರಬೇಕು, ಅವೇ ಇಲ್ಲಿ ಸಾಲದು ಎಂದರು. ಫ್ರೇಮಿನೊಂದಿಗೆ ಬಂದಿದ್ದ ಎಕ್ಸ್‌ಪ್ಯಾಂಡರ್ ಪ್ಲಗ್ ಕೂಡ ಗಿಡ್ಡ. ಒಳಗಿನಿಂದ ಕೊಳವೆಗೆ ಆಸರೆ ಕೊಡಬೇಕಾದ ಅದು, ಸ್ಟೆಮ್ ಹಿಡಿಯುವ ಎತ್ತರದ ಅರ್ಧಕ್ಕೂ ತಲುಪುತ್ತಿರಲಿಲ್ಲ.

ಮಾರಾಟಗಾರನಿಗೆ ಚಿತ್ರ ಕಳಿಸಿದೆವು. ವಿಡಿಯೊ ಕೇಳಿದ, ಕಳಿಸಿದೆವು. ನೀವು ಬೋಲ್ಟ್ ಅತಿಯಾಗಿ ಬಿಗಿದಿದ್ದೀರಿ ಎಂದ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು, ಸ್ಟೆಮ್ ಮೇಲೆ ಬರೆದಿರುವ 5 ನ್ಯೂಟನ್ ಮೀಟರಿಗೆ ಬಿಗಿದದ್ದೆಂದು ಮೆಕ್ಯಾನಿಕ್ಕೇ ಬರೆದುಕೊಟ್ಟ. ಆಗ ಫೋರ್ಕನ್ನು ನಿಮ್ಮ ಖರ್ಚಿನಲ್ಲೇ ಚೀನಾಕ್ಕೆ ವಾಪಸ್ ಕಳಿಸಿ ಎಂದ. ಕತ್ತರಿಸಿದ್ದೇವೆ ಎಂದದ್ದಕ್ಕೆ ವಾರಂಟಿ ಹೋಯಿತು, ಮುಂದಿನ ಫ್ರೇಮ್ ಕೊಂಡರೆ ರಿಯಾಯಿತಿ ಕೊಡುತ್ತೇನೆ ಎಂದ. ಹದಿಹರೆಯದ ಹುಡುಗನ ಪ್ರಾಣದ ವಿಷಯಕ್ಕೆ ರಿಯಾಯಿತಿ!

ಆಗ ನಾನು ಅವನು ಮೊದಲು ಕಳಿಸಿದ್ದ ಪರೀಕ್ಷಾ ವರದಿಯನ್ನು ಸಾಲು ಸಾಲಾಗಿ ಓದಿದೆ. ಸೈಕಲ್ ಸುರಕ್ಷತೆಗೆ ಐಎಸ್‌ಒ 4210 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ 6ನೇ ಭಾಗ ಫ್ರೇಮ್ ಮತ್ತು ಫೋರ್ಕಿನ ಪರೀಕ್ಷೆಗಳದ್ದು. ರೇಸಿಂಗ್ ಫ್ರೇಮಿನ ಪೆಡಲ್‌ಗಳ ಮೇಲೆ 1100 ನ್ಯೂಟನ್ ಬಲವನ್ನು 1 ಲಕ್ಷ ಸುತ್ತು ಹೇರಿದರೂ ಬಿರುಕು ಬಿಡಬಾರದು ಎಂಬಂಥ ಕಠಿಣ ನಿಯಮಗಳು ಅದರಲ್ಲಿವೆ. ವರದಿ ಅಸಲಿಯೇ ಇದ್ದೀತು. ಆದರೆ ಅದರಲ್ಲಿದ್ದ ಫೋರ್ಕಿನ ಮಾದರಿ ಸಂಖ್ಯೆ ನಮ್ಮದಲ್ಲ. ಪರೀಕ್ಷೆ ಮಾಡಿಸಿದವರ ಜಾಗದಲ್ಲಿ ಮಾರಾಟಗಾರನ ಹೆಸರಿರಲಿಲ್ಲ, ಬೇರೊಂದು ಕಾರ್ಖಾನೆಯ ಹೆಸರಿತ್ತು. ಆ ಕಾರ್ಖಾನೆಗೆ ಇಮೇಲ್ ಬರೆದೆ. ಅವರು ಸಭ್ಯವಾಗಿ ಉತ್ತರಿಸಿದರು, ಕ್ರಮಸಂಖ್ಯೆಯ ಚಿತ್ರ ತರಿಸಿಕೊಂಡರು. ಈ ಆಕಾರ ನಮ್ಮದೇ ಹಳೆಯ ಓಪನ್ ಮೋಲ್ಡ್ ಮಾದರಿಯಂತಿದೆ, ಆದರೆ ನಿಮ್ಮ ಫ್ರೇಮ್ ನಮ್ಮಲ್ಲಿ ತಯಾರಾದದ್ದಲ್ಲ, ಆ ಮಾರಾಟಗಾರ ನಮ್ಮ ಗಿರಾಕಿಯೂ ಅಲ್ಲ ಎಂದು ತಿಳಿಸಿದರು. ಈ ಉತ್ತರವನ್ನು ಮಾರಾಟಗಾರನಿಗೆ ಕಳಿಸಿದ ಮೇಲೆ ಅವನಿಂದ ಒಂದು ಅಕ್ಷರವೂ ಬಂದಿಲ್ಲ. ಅದೇ ಚಿತ್ರಗಳೊಂದಿಗೆ ಅದೇ ಫ್ರೇಮ್ ಈಗ ಇನ್ನೊಂದು ಅಂಗಡಿಯ ಹೆಸರಿನಲ್ಲಿ ಮಾರಾಟಕ್ಕಿದೆ.

ಹಾಗಾದರೆ ನಮ್ಮ ಫ್ರೇಮನ್ನು ವಿನ್ಯಾಸ ಮಾಡಿದವರು ಯಾರು? ಆಕಾರ ಒಬ್ಬರದು, ವರದಿ ಅವರದೇ, ಹಾಳೆ ಜೋಡಿಸಿದವರು ಮತ್ತೊಬ್ಬರು, ದುಡ್ಡು ಎಣಿಸಿಕೊಂಡವನು ಮಗದೊಬ್ಬ. ಜೋಡಣೆಯ ಪಟ್ಟಿಗೆ ಹೊಣೆ ಹೊತ್ತವರು ಈ ಸಾಲಿನಲ್ಲಿ ಒಬ್ಬರೂ ಇಲ್ಲ.

ಮಾರಾಟಗಾರರು ಹುಡುಗರ ಕಣ್ಣು ಕುಕ್ಕಿಸಲು ಬಳಸುವ ಇನ್ನೆರಡು ಮಾತುಗಳಿವೆ. ಮೊದಲನೆಯದು ‘ಟೋರೇ ಟಿ1000 ಕಾರ್ಬನ್’. ಟೋರೇ ಜಪಾನಿನ ಕಂಪನಿ. ಟಿ700, ಟಿ800, ಟಿ1000 ಎಂಬುವು ಅದರ ಎಳೆಗಳ ದರ್ಜೆಗಳು. ಬಿಗಿತದ ಲೆಕ್ಕದಲ್ಲಿ ಟಿ700 ಎಳೆ 230 ಗಿಗಾಪಾಸ್ಕಲ್. ಟಿ800 ಮತ್ತು ಟಿ1000 ಎರಡೂ 294. ಅಂದರೆ ಟಿ1000 ಎಳೆ ಟಿ800ಕ್ಕಿಂತ ಬಿಗಿಯಾದದ್ದಲ್ಲ, ಎಳೆತ ತಾಳುವ ಬಲ ಮಾತ್ರ ಹೆಚ್ಚು. ಅದೂ ಎಳೆಯ ಗುಣ. ಸುಕ್ಕುಗಟ್ಟಿ ಪೊಳ್ಳಾದ ಕೊಳವೆಯಲ್ಲಿ ಯಾವ ದರ್ಜೆಯ ಎಳೆಯಿದ್ದರೂ ನಮ್ಮ ಫೋರ್ಕಿಗೆ ಆದದ್ದೇ ಆಗುತ್ತದೆ. ಇನ್ನು ಫ್ರೇಮಿನೊಳಗೆ ಯಾವ ಎಳೆ ಹಾಕಿದ್ದಾರೆಂದು ಮನೆಯಲ್ಲಿ ಕುಳಿತು ತಿಳಿಯುವ ಉಪಾಯವೇ ಇಲ್ಲ.

ಎರಡನೆಯದು ‘ಯುಸಿಐ ಮಾನ್ಯತೆ’. ಯುಸಿಐ ಎಂದರೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ. ಅದು 2011ರಿಂದ ರೇಸಿನ ಹೊಸ ಫ್ರೇಮ್ ಮತ್ತು ಫೋರ್ಕುಗಳಿಗೆ ಮಾನ್ಯತೆಯ ಚೀಟಿ ಕೊಡುತ್ತಿದೆ. ಆ ಮಾನ್ಯತೆ ನೋಡುವುದು ಆಕಾರ, ಅಳತೆಗಳು ರೇಸಿನ ನಿಯಮಕ್ಕೆ ಹೊಂದುತ್ತವೆಯೇ ಎಂಬುದನ್ನು. ಗಟ್ಟಿತನದ ಭರವಸೆ ಅದರಲ್ಲಿಲ್ಲ. ಮಾನ್ಯತೆ ಪಡೆದ ಮಾದರಿಗಳ ಪಟ್ಟಿ ಒಕ್ಕೂಟದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಫ್ರೇಮಿನ ಮೇಲಿನ ಸಂಕೇತ ಅದರಲ್ಲಿ ಯಾರ ಹೆಸರಿನಲ್ಲಿದೆ ಎಂದು ಹುಡುಕಿ ನೋಡಿ. ಚೀಟಿಯನ್ನು ಮುದ್ರಿಸಿ ಅಂಟಿಸುವುದು ಏನೂ ಕಷ್ಟವಲ್ಲ.

ದುಡ್ಡಿನ ವಿಷಯದಲ್ಲಿ ನಮ್ಮ ದೇಶದವರಿಗೆ ಒಂದು ಹೆಚ್ಚಿನ ಕಷ್ಟವಿದೆ. 2020ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 43 ಆ್ಯಪ್‌ಗಳಲ್ಲಿ ಚೀನಾದ ಆನ್‌ಲೈನ್ ಮಾರುಕಟ್ಟೆ ಅಲಿಎಕ್ಸ್‌ಪ್ರೆಸ್ ಕೂಡ ಇತ್ತು. ಅಂಥ ಮಾರುಕಟ್ಟೆಗಳಲ್ಲಿ ಕೊಂಡವರ ಪರವಾಗಿ ದುಡ್ಡು ತಡೆಹಿಡಿಯುವ ವ್ಯವಸ್ಥೆಯಾದರೂ ಇರುತ್ತದೆ. ಈಗ ನಮ್ಮ ಹುಡುಗರು ಮಾರಾಟಗಾರನೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ನೇರವಾಗಿ ಅವನ ಬ್ಯಾಂಕ್ ಖಾತೆಗೆ ಹಣ ಹಾಕುತ್ತಿದ್ದಾರೆ. ಹಾಗೆ ಹೋದ ಹಣ ಹೋದಂತೆಯೇ. ಕ್ರೆಡಿಟ್ ಕಾರ್ಡ್ ಸ್ವೀಕರಿಸದವನಿಂದ ಫ್ರೇಮ್ ಕೊಳ್ಳಲೇಬೇಡಿ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ತಕರಾರು ಸಲ್ಲಿಸುವ ದಾರಿ ಉಳಿದಿರುತ್ತದೆ.

ಇಷ್ಟಾದ ಮೇಲೂ ತರಿಸಲೇಬೇಕೆಂದರೆ ಮೊದಲು ಅವರ ವ್ಯಾಪಾರ ಪರವಾನಗಿಯ ಪ್ರತಿ ಕೇಳಿ. ಚೀನಾದ ಪ್ರತಿ ಕಂಪನಿಗೂ 18 ಅಕ್ಷರ ಅಂಕಿಗಳ ನೋಂದಣಿ ಸಂಕೇತವಿರುತ್ತದೆ, ಸರ್ಕಾರದ ಸಾರ್ವಜನಿಕ ಜಾಲತಾಣದಲ್ಲಿ ಅದನ್ನು ಹಾಕಿ ನೋಡಬಹುದು. ಪರವಾನಗಿಯಲ್ಲಿ ಅಥವಾ ಆ ಜಾಲತಾಣದಲ್ಲಿ ಕಂಪನಿಯ ವ್ಯವಹಾರದ ವ್ಯಾಪ್ತಿ ಬರೆದಿರುತ್ತದೆ. ಮೊಬೈಲಿನಲ್ಲಿ ಅನುವಾದಿಸಿ ಓದಿ. ತಯಾರಿಕೆ ಎಂದು ಎಲ್ಲೂ ಇಲ್ಲದೆ ಬರೀ ಮಾರಾಟ, ಆಮದು ರಫ್ತು ಎಂದಿದ್ದರೆ ‘ನಮ್ಮ ಸ್ವಂತ ಕಾರ್ಖಾನೆ’ ಎಂಬ ಮಾತು ಅಲ್ಲಿಗೇ ಮುಗಿಯಿತು. ಪರೀಕ್ಷಾ ವರದಿಯಲ್ಲಿ ನೀವು ಕೊಳ್ಳುವ ಫ್ರೇಮಿನದೇ ಮಾದರಿ ಸಂಖ್ಯೆ, ಫೋರ್ಕಿನದೇ ಮಾದರಿ ಸಂಖ್ಯೆ, ಪರವಾನಗಿಯಲ್ಲಿರುವ ಕಂಪನಿಯದೇ ಹೆಸರು ಇರಬೇಕು. ಹೆಸರು ಬೇರೆಯಾಗಿದ್ದರೆ ಆ ಕಂಪನಿಗೇ ಬರೆದು ಕೇಳಿ, ನಮಗೆ ಸಿಕ್ಕಂತೆ ಉತ್ತರ ಸಿಕ್ಕೀತು. ಗೇರ್ ಹ್ಯಾಂಗರ್ (ಹಿಂದಿನ ಗೇರನ್ನು ಫ್ರೇಮಿಗೆ ತಗುಲಿಸುವ ಬಿಡಿ ತುಂಡು) ಯಾವ ಮಾದರಿಯದು, ನಾಲ್ಕು ವರ್ಷದ ಮೇಲೂ ಸಿಗುವುದೇ ಎಂದು ಕೇಳಿ, ಎರಡು ಹೆಚ್ಚುವರಿ ಈಗಲೇ ತರಿಸಿಕೊಳ್ಳಿ. ಫೋರ್ಕ್ ಬಗ್ಗೆ ಅನುಮಾನವಿದ್ದರೆ ಹೆಸರಿರುವ ಕಂಪನಿಯ ಫೋರ್ಕನ್ನು ಬೇರೆಯಾಗಿ ಕೊಂಡು ಹಾಕಿಸಿ. ಅಳಿಯನಿಗೆ ನಾವು ಕೊನೆಗೆ ಕೊಡಿಸಿದ್ದು ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ಫ್ರೇಮ್. ಅದರ ಕಂಪನಿಯ ಡೀಲರ್ ಬೆಂಗಳೂರಿನಲ್ಲಿದ್ದಾರೆ, ಫೋನ್ ಮಾಡಿದರೆ ಎತ್ತುತ್ತಾರೆ.

ಈಗಾಗಲೇ ಇಂಥ ಫ್ರೇಮಿನಲ್ಲಿ ಓಡುತ್ತಿರುವವರು ಈ ವಾರವೇ ಸ್ಟೆಮ್ ಬಿಚ್ಚಿಸಿ ಫೋರ್ಕ್ ಹೊರಗೆ ತೆಗೆಸಿ. ಸ್ಟೀರರ್ ಕೊಳವೆಯನ್ನು ಒರೆಸಿ, ಬೆಳಕಿನಲ್ಲಿ ಸುತ್ತಲೂ ತಿರುಗಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವ ಗೆರೆ ಸಿಕ್ಕರೆ ಮತ್ತೆ ಹತ್ತಬೇಡಿ. ಗೆರೆ ಇಲ್ಲದಿದ್ದರೂ ಪ್ಲಗ್ ಸ್ಟೆಮ್ ಹಿಡಿಯುವ ಎತ್ತರವನ್ನು ಪೂರ್ತಿ ಆವರಿಸುತ್ತದೆಯೇ ಎಂದು ಅಳೆದು, ಗಿಡ್ಡವಾಗಿದ್ದರೆ ಉದ್ದದ್ದನ್ನು ಹಾಕಿಸಿ.