ತರಗತಿ ಗೋಡೆಯ ಮೇಲೆ ಹತ್ತು ಆಜ್ಞೆಗಳು: ಪತ್ರ ಬರೆಯೋದಾ, ಕೋರ್ಟಿಗೆ ಹೋಗೋದಾ?

ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಓದುವ ನಿಮ್ಮ ಮಗುವಿನ ತರಗತಿಯಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳ ಪೋಸ್ಟರ್ ಇದೆ, ಸರ್ಕಾರಿ ಶಾಲೆಯಲ್ಲಿ ಧರ್ಮದ ಪೋಸ್ಟರ್ ಬೇಡ, ತೆಗೆಸಬೇಕು ಅಂತ ನಿಮಗನ್ನಿಸಿದೆ. ಮೊದಲು ನೋಡಬೇಕಾದ್ದು, ಅದನ್ನು ಹಾಕಿಸಿದವರು ಯಾರು ಅಂತ.

ಟೀಚರ್ ತಾವಾಗಿಯೇ ಹಾಕಿದ್ದರೆ ಶಾಲಾ ಮಂಡಳಿಗೆ ಪತ್ರ ಬರೆಯಿರಿ. ಖರ್ಚಿಲ್ಲ, ಗಲಾಟೆಯೂ ಕಡಿಮೆ.

ರಾಜ್ಯದ ಕಾನೂನೇ ಹಾಕಿಸಿದ್ದರೆ ಪತ್ರದಿಂದ ಜಾಸ್ತಿ ಏನೂ ಆಗದು. ಲೂಯಿಸಿಯಾನದ 2024ರ ಕಾನೂನು ಪೋಸ್ಟರ್ ಕನಿಷ್ಠ 11x14 ಇಂಚು ಇರಬೇಕು, ಅಕ್ಷರ ದೊಡ್ಡದಾಗಿ ಕಾಣಬೇಕು ಅಂತಲೂ ಹೇಳುತ್ತದೆ. ಪಾಪ, ಹೆಡ್‌ಮಾಸ್ಟರ್ ಏನು ತಾನೇ ಮಾಡಿಯಾರು? ಆಗ ಫೆಡರಲ್ ಕೋರ್ಟೇ ದಾರಿ. 1980ರಲ್ಲಿ ಕೆಂಟಕಿಯ ಇಂಥದ್ದೇ ಕಾನೂನನ್ನು ಸುಪ್ರೀಂ ಕೋರ್ಟ್ 5-4ರಲ್ಲಿ ರದ್ದು ಮಾಡಿತ್ತು. ದಾನಿಗಳ ಹಣದಲ್ಲಿ ಹಾಕಿಸಿದ್ದು, ಸರ್ಕಾರದ ಹಣದಲ್ಲಲ್ಲ ಅನ್ನುವ ಮಾತೂ ಕೋರ್ಟಿನಲ್ಲಿ ನಡೆಯಲಿಲ್ಲ. ಆದರೆ ಆ ತೀರ್ಪಿಗೆ ಆಧಾರವಾಗಿದ್ದ ‘ಲೆಮನ್ ಪರೀಕ್ಷೆ’ಯನ್ನು (ಕಾನೂನಿಗೆ ಧರ್ಮದ ಹೊರತಾದ ಉದ್ದೇಶ ಇದೆಯೇ, ಅದು ಧರ್ಮಕ್ಕೆ ಒತ್ತು ಕೊಡುತ್ತದೆಯೇ ಅಂತೆಲ್ಲ ನೋಡುವ ಅಳತೆಗೋಲು) 2022ರಲ್ಲಿ ಅದೇ ಕೋರ್ಟ್ ಕೈಬಿಟ್ಟಿತು. ಹಾಗಾಗಿ ಗೆಲುವು ಗ್ಯಾರಂಟಿ ಇಲ್ಲ. ಕೇಸು ವರ್ಷಗಟ್ಟಲೆ ಎಳೆಯಬಹುದು. ಕೊನೆಗೆ ಗೆದ್ದರೆ ವಕೀಲರ ಫೀಸನ್ನು ಎದುರು ಪಕ್ಷದಿಂದ ಕೇಳಬಹುದು.

ಕೋರ್ಟಿಗೇ ಹೋಗುವುದಾದರೆ ನಾನು ನಾಲ್ಕಾರು ಪೋಷಕರ ಜೊತೆ ಸೇರಿಯೇ ಹೋಗುತ್ತೇನೆ. ಒಂದೇ ಮಗು ಇಡೀ ಶಾಲೆಯ ಕಣ್ಣಿಗೆ ಬೀಳಬಾರದು, ಅಲ್ವಾ?