ಹೆಡರ್ ಕೆಂಪಗಾದರೆ “ಕಾಮನ್ ಸಾರ್” ಅನ್ನುವವರನ್ನು ನಂಬಬೇಡಿ

ಹಳೆ ಪೆಟ್ರೋಲ್ ಕಾರಿಗೆ ಕಂಪನಿಯದ್ದಲ್ಲದ, ಹೊರಗೆ ಸಿಗುವ ಹೆಡರ್ (ಇಂಜಿನ್ನಿನ ಹೊಗೆ ಪೈಪುಗಳು) ಹಾಕಿಸುವ ಆಸೆ ಇದ್ದವರು ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಇಂಜಿನ್ನಿನಿಂದ ಹೊಗೆ ಹೊರಗೆ ಬರುವ ಜಾಗದಲ್ಲಿ ಕಂಪನಿಯವರು ದಪ್ಪ ಎರಕದ ಕಬ್ಬಿಣದ ಕೊಳವೆ ಕೊಟ್ಟಿರುತ್ತಾರೆ, ಅದರ ಮೇಲೆ ಶಾಖ ತಡೆಯಲು ಒಂದು ತಗಡಿನ ಹೀಟ್ ಶೀಲ್ಡ್ ಇರುತ್ತದೆ. ಅದನ್ನು ಬಿಚ್ಚಿ ತೆಳು ಸ್ಟೀಲ್ ಪೈಪಿನ ಹೆಡರ್ ಹಾಕಿದರೆ ಹೊಗೆ ಸಲೀಸಾಗಿ ಹೋಗುತ್ತದೆ, ಪಿಕಪ್ ಬರುತ್ತದೆ ಅನ್ನುವುದು ಲೆಕ್ಕ. ಲೆಕ್ಕ ಸರಿಯೇ. ಮಾಡುವವರಿಗೆ ಕೆಲಸ ಗೊತ್ತಿರಬೇಕು ಅಷ್ಟೆ.

ನನ್ನದು 2000ಕ್ಕಿಂತ ಹಿಂದಿನ, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನ) ಇರುವ ಸಣ್ಣ ಕಾರು. ಗ್ಯಾರೇಜಿನ ಹೆಸರು ಬರೆಯುವುದಿಲ್ಲ, ಇಂಥವು ಎಲ್ಲಾ ಊರಲ್ಲೂ ಇವೆ. ಹೆಡರ್ ಜೊತೆಗೆ ಓಪನ್ ಏರ್ ಫಿಲ್ಟರ್ ಕೂಡ ಹಾಕಿದರು. ಹಳೆ ಹೀಟ್ ಶೀಲ್ಡ್ ಕೂರುವುದಿಲ್ಲ ಅಂತ ಅದನ್ನು ಗುಜರಿಗೆ ಎಸೆದಿದ್ದರು, ಅದು ನನಗೆ ಆಮೇಲೆ ಗೊತ್ತಾಗಿದ್ದು. ಟ್ರಯಲ್ ನೋಡುವಾಗ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಟಕಟಕ ಅಂತ ನಾಕಿಂಗ್ ಶಬ್ದ, ಅಂದರೆ ಇಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಉರಿಯದೆ ಸಿಡಿಯುವ ಶಬ್ದ. ಹೇಳಿದೆ. ಒಳಗೆ ತಗೊಂಡು ಹೋಗಿ ಏನೋ ತಿರುಗಿಸಿ ಸ್ವಲ್ಪ ಹೊತ್ತಿಗೇ ವಾಪಸ್ ಕೊಟ್ಟರು. ಶಬ್ದ ಮಾಯ! ಆದರೆ ಗಾಡಿ ಯಾಕೋ ಮಂಕು. “ಸ್ವಲ್ಪ ಓಡ್ಲಿ ಸಾರ್, ಸೆಟ್ ಆಗುತ್ತೆ” ಅಂದರು.

ಸೆಟ್ ಆಗಿದ್ದು ಚಾರ್ಮಾಡಿಯಲ್ಲಿ. ಉಜಿರೆ ಕಡೆಯಿಂದ ರಾತ್ರಿ ಹತ್ತುತ್ತಿದ್ದೆವು, ಗಾಡಿ ತುಂಬ ಜನ, ಲಗೇಜು, ಎಸಿ ಬೇರೆ, ತಿರುವು ತಿರುವಿಗೂ ಸೆಕೆಂಡ್ ಗೇರು. ಘಾಟಿ ಮುಗಿಯುತ್ತಾ ಬಂದಾಗ ನನ್ನ ಭಾಮೈದ “ಭಾವ, ಪ್ಲಾಸ್ಟಿಕ್ ಸುಟ್ಟ ವಾಸನೆ ಬರ್ತಿದೆಯಲ್ಲಾ” ಅಂದ. ಅಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಏರುತ್ತಿತ್ತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದರೆ ಟಾರ್ಚೇ ಬೇಕಾಗಲಿಲ್ಲ. ನಾಲ್ಕೂ ಪೈಪು ಕಿತ್ತಳೆ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದವು, ಅವು ಒಂದಾಗಿ ಸೇರುವ ಜಾಗ ಇನ್ನೂ ಜಾಸ್ತಿ. ರೇಡಿಯೇಟರ್ ಫ್ಯಾನಿನ ವೈರು ಪಕ್ಕದಲ್ಲೇ ಹಾದುಹೋಗಿತ್ತು, ಅದರ ಹೊದಿಕೆ ಕರಗಿ ಪೈಪಿಗೆ ಅಂಟಿಕೊಂಡು ತಾಮ್ರ ಕಾಣುತ್ತಿತ್ತು. ಫ್ಯಾನ್ ನಿಂತುಹೋಗಿತ್ತು. ಮುಳ್ಳು ಏರಿದ್ದು ಅದಕ್ಕೇ.

ಗ್ಯಾರೇಜಿಗೆ ಫೋನ್ ಮಾಡಿದರೆ ಬಂದ ಉತ್ತರ: “ಹೆಡರ್ ಅಂದ್ಮೇಲೆ ಕೆಂಪಾಗುತ್ತೆ ಸಾರ್, ಕಾಮನ್. ರೇಸ್ ಗಾಡಿ ನೋಡಿಲ್ವಾ?”

ಇದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಪೆಟ್ರೋಲ್ ಇಂಜಿನ್ನನ್ನು ಚೆನ್ನಾಗಿ ದುಡಿಸಿದರೆ ಹೊರಬರುವ ಹೊಗೆ 800 ಡಿಗ್ರಿ ದಾಟಬಹುದು. ಉಕ್ಕು ಕತ್ತಲಲ್ಲಿ ಮಸುಕಾಗಿ ಕೆಂಪು ಕಾಣುವುದು 500ರ ಆಸುಪಾಸಿನಿಂದ, ಚೆನ್ನಾಗಿ ಕೆಂಪಾಗುವುದು 700ರ ಹತ್ತಿರ, ಕಿತ್ತಳೆಗೆ ತಿರುಗಿತು ಅಂದರೆ 900. ತೆಳು ಪೈಪು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹಾಗಾಗಿ ಉದ್ದ ಏರು ಹತ್ತಿದ ಮೇಲೆ ಕತ್ತಲಲ್ಲಿ ಮಂದ ಕೆಂಪು ಕಂಡು ಎರಡು ನಿಮಿಷದಲ್ಲಿ ಮಾಯವಾದರೆ ಗಾಬರಿ ಬೇಡ. ಕಿತ್ತಳೆ ಬಂದರೆ, ಅಥವಾ ಸುಮ್ನೆ ಐಡಲ್‌ನಲ್ಲಿ ನಿಂತಿದ್ದಾಗಲೂ ಕೆಂಪು ಉಳಿದರೆ, ಅದು ಕಾಮನ್ ಅಲ್ಲ.

ಮಾರನೇ ದಿನ ಮೂಡಿಗೆರೆಗೆ ಎಳೆಸಿಕೊಂಡು ಹೋದೆವು. ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಮೊದಲು ಮಾಡಿದ್ದು ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದ್ದು. ಸುಣ್ಣದ ಹಾಗೆ ಬೆಳ್ಳಗಿದ್ದವು. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹೊಸ ಹೆಡರ್ ಮತ್ತು ಫಿಲ್ಟರಿನಿಂದ ಗಾಳಿ ಹೆಚ್ಚಾಗಿದೆ, ಅದಕ್ಕೆ ತಕ್ಕ ಹಾಗೆ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಅಳತೆಯಲ್ಲಿ ಬಿಡುವ ಸಣ್ಣ ತೂತಿನ ಭಾಗ) ಬದಲಾಯಿಸಿಲ್ಲ. ನಾಕಿಂಗ್ ಬಂದಿದ್ದು ಅದರಿಂದ. ಗ್ಯಾರೇಜಿನವರು ಜೆಟ್ ಮುಟ್ಟುವ ಬದಲು ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗನ್ನೇ, ಅಂದರೆ ಕಿಡಿ ಬೀಳುವ ಹೊತ್ತನ್ನೇ, ಹಿಂದಕ್ಕೆ ತಳ್ಳಿದ್ದಾರೆ. ಕಿಡಿ ತಡವಾಗಿ ಬಿದ್ದರೆ ಶಬ್ದವೇನೋ ನಿಲ್ಲುತ್ತದೆ, ಆದರೆ ಪೆಟ್ರೋಲ್ ಇನ್ನೂ ಉರಿಯುತ್ತಿರುವಾಗಲೇ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುತ್ತದೆ. ಪಿಸ್ಟನ್ ತಳ್ಳಬೇಕಾದ ಶಕ್ತಿ ಬೆಂಕಿಯಾಗಿ ಹೆಡರಿಗೆ ಹೋಗುತ್ತದೆ. ಗಾಡಿ ಮಂಕಾಗಿದ್ದೂ ಇದಕ್ಕೇ. ಅಂದರೆ ಪಿಕಪ್ಪಿಗಾಗಿ ದುಡ್ಡು ಕೊಟ್ಟು ಇದ್ದ ಪಿಕಪ್ಪನ್ನೂ ಕಳೆದುಕೊಂಡ ಹಾಗಾಯಿತು. ಟೈಮಿಂಗ್ ಲೈಟ್ ಇಟ್ಟು ನೋಡಿದ್ದರೆ ಐದು ನಿಮಿಷದ ಕೆಲಸ, ಆ ಗ್ಯಾರೇಜಿನಲ್ಲಿ ಅದು ಇತ್ತೋ ಇಲ್ಲವೋ!

ಇವರು ದೊಡ್ಡ ಜೆಟ್ ಹಾಕಿ, ಟೈಮಿಂಗ್ ಸರಿ ಮಾಡಿ, ಫ್ಯಾನಿನ ವೈರನ್ನು ಬೇರೆ ದಾರಿಯಲ್ಲಿ ಎಳೆದು, ಪೈಪಿಗೂ ತಗಡಿಗೂ ನಡುವೆ ಜಾಗ ಬಿಟ್ಟು ಹೊಸ ಶೀಲ್ಡ್ ಮಾಡಿಕೊಟ್ಟರು. ನಾನು ಬಟ್ಟೆಯ ಹಾಗಿರುವ ಹೀಟ್ ರ‍್ಯಾಪ್ ಸುತ್ತೋಣವೇ ಅಂತ ಕೇಳಿದೆ. ಬೇಡ ಅಂದರು, ನಮ್ಮ ಮಲೆನಾಡಿನ ಮಳೆಗೆ ಅದು ನೀರು ಹಿಡಿದಿಟ್ಟುಕೊಂಡು ಒಳಗೇ ತುಕ್ಕು ಹಿಡಿಸುತ್ತದಂತೆ. ಮೊದಲ ಗ್ಯಾರೇಜಿನವರು ಒಂದು ರೂಪಾಯಿಯನ್ನೂ ವಾಪಸ್ ಕೊಟ್ಟಿಲ್ಲ. ಬಿಲ್ಲೇ ಕೊಟ್ಟಿರಲಿಲ್ಲವಲ್ಲ, ಕೇಳುವುದು ಯಾವ ಆಧಾರದಲ್ಲಿ?

ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ ಹೊಸ ಗಾಡಿಯವರು ಇದು ನಮಗಲ್ಲ ಅಂದುಕೊಳ್ಳಬೇಡಿ. ನಿಮ್ಮಲ್ಲಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಕಿಡಿಗೆ ಕರೆಂಟ್ ಕೊಡುವ ಒಂದು ಕಾಯಿಲ್ ಕೆಟ್ಟು ಮಿಸ್‌ಫೈರ್ ಆದರೆ, ಅಂದರೆ ಕಿಡಿ ತಪ್ಪಿದರೆ, ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿಯುತ್ತದೆ, ಒಳಗಿನ ಜೇನುಗೂಡಿನಂಥ ಭಾಗ ಕರಗಿ ಕಟ್ಟಿಕೊಳ್ಳಬಹುದು. ಆಮೇಲೆ ಹೊಗೆಗೆ ದಾರಿ ಇಲ್ಲದೆ ಅದಕ್ಕಿಂತ ಮುಂಚಿನ, ಇಂಜಿನ್ ಕಡೆಯ ಪೈಪೂ ಕೆಂಪಾಗುತ್ತದೆ. ಚೆಕ್ ಇಂಜಿನ್ ಲೈಟ್ ಮಿಣುಕುತ್ತಿದ್ದರೆ ಆಕ್ಸಿಲರೇಟರ್ ಒತ್ತಿ ಓಡಿಸಲೇಬೇಡಿ.

ದಾರಿಯಲ್ಲಿ ಹೀಗಾದರೆ ನೀರು ಸುರಿಯಬೇಡಿ. ಪೈಪು ಸೊಟ್ಟಗಾಗುತ್ತದೆ, ಎರಕದ್ದಾದರೆ ಸೀಳುತ್ತದೆ, ಹಬೆ ನಿಮ್ಮ ಮುಖಕ್ಕೇ ಬರುತ್ತದೆ. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ, ಡಾಂಬರಿನ ಮೇಲೆ ಅಥವಾ ಬರೀ ಮಣ್ಣಿನ ಜಾಗದಲ್ಲಿ ನಿಲ್ಲಿಸಿ. ಪೆಟ್ರೋಲ್ ವಾಸನೆ ಬಂದರೆ, ಬಾನೆಟ್ ಸಂದಿಯಲ್ಲಿ ಉರಿ ಕಂಡರೆ ಮೊದಲು ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಆಗ ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಬೆಂಕಿ ಭಗ್ ಅನ್ನುತ್ತದೆ.

ಇನ್ನು ಹೆಡರ್ ಹಾಕಿಸಲೇಬೇಕು ಅನ್ನುವವರು ಜೆಟ್ ಅಥವಾ (ಇಂಜೆಕ್ಷನ್ ಗಾಡಿಯಾದರೆ) ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾಯಿಸುವ ರೀಮ್ಯಾಪ್ ಯಾರು ಮಾಡುತ್ತಾರೆ, ಟೈಮಿಂಗ್ ಯಾವುದರಲ್ಲಿ ನೋಡುತ್ತಾರೆ ಅಂತ ಕೇಳಿ, ಎಲ್ಲವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಚ್ಚಿದ ಹಳೆ ಸಾಮಾನು, ಹೀಟ್ ಶೀಲ್ಡ್ ಸಮೇತ, ನಿಮ್ಮ ಡಿಕ್ಕಿಗೆ ಬಂತಾ ಅಂತ ನೋಡಿಕೊಂಡೇ ದುಡ್ಡು ಕೊಡಿ.